ಅಳಿಯನಿಗೆ: ಘಟ್ಟ ಇಳಿಯುವ ಮುನ್ನ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ಶಿರಸಿಯಿಂದ ಸೈಕಲ್ ಹತ್ತಿ ದೇವಿಮನೆ ಘಟ್ಟ ಇಳಿದು, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯನ್ನು ಸುತ್ತಿ, ಕುಮಟೆಯಿಂದ ದೊಡ್ಮನೆ ಘಟ್ಟ ಏರಿ, ಸಿದ್ದಾಪುರದ ಮೇಲೆ ಮತ್ತೆ ಶಿರಸಿ ಸೇರುವ ಸುತ್ತನ್ನು ಡಿಸೆಂಬರಿನಲ್ಲಿ ಒಂದೇ ದಿನದಲ್ಲಿ ಮುಗಿಸುವ ಉಮೇದಿನಲ್ಲಿದ್ದೀಯೆಂದು ನಿನ್ನ ಅಮ್ಮ ಹೇಳಿದಳು. ಹೋಗಬೇಡವೆಂದು ಬರೆಯಲು ಅವಳ ಒತ್ತಾಯ. ನಾನು ಹಾಗೆ ಬರೆಯುವುದಿಲ್ಲ. ಹೋಗು, ಆದರೆ ಒಂದೇ ದಿನದ ಹಟವನ್ನು ಬಿಡು ಎನ್ನುವುದಷ್ಟೇ ನನ್ನ ಮಾತು.

ಸುತ್ತು ಹೆಚ್ಚು ಕಡಿಮೆ 190 ಕಿಲೋಮೀಟರ್ ಆಗುತ್ತದೆ. ಬೆಂಗಳೂರಿನ ಹೊರವಲಯದ ಸಪಾಟು ರಸ್ತೆಯಲ್ಲಿ ಅಷ್ಟು ದೂರ ತುಳಿದಿರುವ ನಿನಗೆ ಈ ಅಂಕಿ ಹೆದರಿಕೆ ಹುಟ್ಟಿಸದು. ಆದರೆ ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಕಸುವಿರುವಾಗ ಇಳಿದುಬಿಡುವ ಆ ಎತ್ತರವನ್ನೆಲ್ಲ ಕರಾವಳಿಯ ಸೆಕೆಯಲ್ಲಿ ಬೆವರಿ ಸೋತ ಮೇಲೆ ಏರಿ ಬರಬೇಕು. ಸಾಮಾನ್ಯವಾಗಿ ಸವಾರರು ಮೊದಲು ಹತ್ತಿ ಆಮೇಲೆ ಇಳಿಯುತ್ತಾರೆ, ಇಲ್ಲಿ ಲೆಕ್ಕ ತಿರುಗುಮುರುಗು. ಆದ್ದರಿಂದ ಮೊದಲ ದಿನ ಕುಮಟೆಯಲ್ಲಿ ಉಳಿದು, ಮರುದಿನ ಬೆಳಕು ಹರಿಯುವ ಹೊತ್ತಿಗೆ ಏರು ಹಿಡಿಯುವುದೇ ಸರಿ.

ದೇವಿಮನೆಯಲ್ಲಿ ಇಳಿದು ದೊಡ್ಮನೆಯಲ್ಲಿ ಹತ್ತುವ ನಿನ್ನ ಕ್ರಮವನ್ನು ನಾನೂ ಒಪ್ಪುತ್ತೇನೆ. ದೇವಿಮನೆಯ ದಾರಿ ರಾಷ್ಟ್ರೀಯ ಹೆದ್ದಾರಿ; ಅಲ್ಲಿ ಏರುತ್ತ ಹೋದರೆ ಬೆನ್ನಹಿಂದೆ ಲಾರಿಗಳು ಹಾರ್ನ್ ಹಾಕುತ್ತಲೇ ಇರುತ್ತವೆ, ಇಳಿಯುವಾಗಲಾದರೆ ಅವುಗಳ ವೇಗಕ್ಕೂ ನಿನ್ನ ವೇಗಕ್ಕೂ ಅಷ್ಟು ಅಂತರವಿರುವುದಿಲ್ಲ. ಆ ರಸ್ತೆಯ ಅಗಲೀಕರಣದ ಕಾಮಗಾರಿಗಾಗಿ ಹಿಂದೆ ಸಂಚಾರ ನಿಲ್ಲಿಸಿದ್ದುಂಟು, ಹಾಗಾಗಿ ಹೊರಡುವ ಹಿಂದಿನ ದಿನ ಶಿರಸಿಯ ಬಸ್ ನಿಲ್ದಾಣದಲ್ಲಿ ವಿಚಾರಿಸಿಕೋ. ರಾಗಿಹೊಸಳ್ಳಿ ದಾಟಿ ದೇವಿಮನೆಯ ಗುಡಿಯ ಬಳಿ ಐದು ನಿಮಿಷ ನಿಂತು, ಬ್ರೇಕ್‌ನ ರಬ್ಬರನ್ನೂ ತಂತಿಯನ್ನೂ ಕೈಯಿಂದಲೇ ಮುಟ್ಟಿ ನೋಡಿಕೊಂಡು ಇಳಿ. ಬ್ರೇಕನ್ನು ಒಂದೇ ಸಮನೆ ಅದುಮಿ ಹಿಡಿದರೆ ಗಾಲಿಯ ಅಂಚು ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಬಿಟ್ಟು ಹೋಗುವುದನ್ನು ರೂಢಿ ಮಾಡಿಕೋ. ಮರಗಳ ನೆರಳಿನಲ್ಲಿ ರಾತ್ರಿಯ ಇಬ್ಬನಿ ಬಿದ್ದ ಎಲೆಗಳ ಮೇಲೆ ಚಕ್ರ ಜಾರುವುದು ತಿಳಿಯುವುದೇ ಇಲ್ಲ.

ಕತಗಾಲ ದಾಟಿ 66ನೆಯ ಹೆದ್ದಾರಿಗೆ ಬಂದು, ಮಿರ್ಜಾನ ಕೋಟೆಯ ಮುಂದೆ ಸಾಗಿ, ಮಾದನಗೇರಿಯಲ್ಲಿ ಗೋಕರ್ಣದ ಕಡೆ ತಿರುಗಿದ ಮೇಲೆ ಅವಸರ ಬೇಡ. ನೀನು ನೋಡಲು ಹೋಗುತ್ತಿರುವುದು ಅಲ್ಲಿದೆ. ಎಲ್ಲಿಯೂ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಹೊಳೆ ಅಘನಾಶಿನಿ. ಅದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಸಾಣಿಕಟ್ಟಾದ ಉಪ್ಪಿನ ಆಗರಗಳು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ದಟ್ಟ ಅಂಚು, ಸಿಹಿನೀರಿಗೂ ಉಪ್ಪುನೀರಿಗೂ ನಡುವೆ ಕಟ್ಟೆ ಹಾಕಿ ಉಳಿಸಿಕೊಂಡ ಗಜನಿ ಗದ್ದೆಗಳು ಎಲ್ಲವೂ ಅಲ್ಲಿ ಒತ್ತಿಗೊತ್ತಾಗಿವೆ. ಮಳೆಗಾಲದಲ್ಲಿ ಗಜನಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ನೀನು ಹೋಗುವ ಹೊತ್ತಿಗೆ ಕೊಯ್ಲು ಮುಗಿದು, ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಿರುತ್ತಾರೆ. ಹೊಲವೆಂದೂ ಕೆರೆಯೆಂದೂ ಹೇಳಲಾಗದ ಆ ಗದ್ದೆಗಳ ಕಟ್ಟೆಯ ಮೇಲೆ ಸೈಕಲ್ ಓಡಿಸಬೇಡ. ಮಣ್ಣು ಕುಸಿದರೆ ನಷ್ಟ ಊರಿನವರಿಗೆ.

ದಿನವನ್ನು ಆರಿಸುವಾಗ ರಜೆಯ ಪಟ್ಟಿಗಿಂತ ಮೊದಲು ಭರತ-ಇಳಿತದ ಪಟ್ಟಿ ನೋಡು. ಕಾರವಾರ ಬಂದರಿನ ವೇಳೆ ಮೊಬೈಲಿನಲ್ಲೇ ಸಿಗುತ್ತದೆ. ದಿನದಿಂದ ದಿನಕ್ಕೆ ಆ ವೇಳೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಸರಿಯುತ್ತದೆ. ಮಧ್ಯಾಹ್ನ ಮೂರರ ನಂತರ ಇಳಿತ ಬೀಳುವ ದಿನವಾದರೆ, ತದಡಿಯ ಹತ್ತಿರ ಹೆಂಗಸರು ಗಂಡಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕೆಸರನ್ನು ಕಾಲಿನಿಂದಲೇ ತಡವಿ, ಬಳಚು ಎಂಬ ಚಿಪ್ಪುಜೀವಿಗಳನ್ನು ಎತ್ತಿ ಬುಟ್ಟಿಗೆ ಹಾಕುವುದನ್ನು ನೋಡಬಹುದು. ತೆರೆದುಕೊಂಡ ಕೆಸರಿನ ಮೇಲೆ ವಲಸೆ ಹಕ್ಕಿಗಳು ಇಳಿಯುವುದೂ ಆಗಲೇ. ಭರತದ ಹೊತ್ತಿಗೆ ಹೋದವನಿಗೆ ಅಗಲವಾದ ನೀರೊಂದೇ ಕಾಣುತ್ತದೆ. ಒಂದೇ ದಿನದಲ್ಲಿ ಸುತ್ತು ಮುಗಿಸುವವನು ಬೆಳಿಗ್ಗೆ ಸಿಕ್ಕಷ್ಟನ್ನು ನೋಡಿ ಓಡಬೇಕಾಗುತ್ತದೆ; ನನ್ನ ತಕರಾರಿನ ಮುಖ್ಯ ಕಾರಣ ಇದು, ನಿನ್ನ ಕಾಲಿನ ಶಕ್ತಿಯ ಮೇಲಿನ ಅಪನಂಬಿಕೆಯಲ್ಲ.

ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ದ್ವಿಚಕ್ರ ವಾಹನಗಳನ್ನೂ ದಾಟಿಸುತ್ತಾರೆ. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ತಲುಪಿದ ಕೂಡಲೇ ಕೇಳಿಕೋ. ಸೈಕಲ್ ಮಲಗಿಸದೆ, ಕೈಯಲ್ಲೇ ಹಿಡಿದು ನಿಲ್ಲು.

ಎರಡನೆಯ ದಿನದ ವಿಷಯ ಕಡಿಮೆ ಮಾತಿನಲ್ಲಿ ಹೇಳುತ್ತೇನೆ. ದೊಡ್ಮನೆಯ ದಾರಿಯಲ್ಲಿ ಅಂಗಡಿಗಳು ವಿರಳ, ಕೆಲವೆಡೆ ಮೊಬೈಲ್ ಸಿಗ್ನಲ್ಲೂ ಸಿಗದು. ಮೂರು ಲೀಟರ್ ನೀರು, ಎರಡು ಟ್ಯೂಬ್, ಪಂಪು ಜೊತೆಗಿರಲಿ. ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಚಕ್ರ ಹಾಕಿಸಿಕೋ, ಸಣ್ಣ ಗೇರಿನಲ್ಲಿ ಹತ್ತುವುದರಲ್ಲಿ ಮರ್ಯಾದೆ ಹೋಗುವುದೇನಿಲ್ಲ. ಈ ಭಾಗದ ಕಾಡುಗಳು 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದವು; 2019ರಲ್ಲಿ ಅದನ್ನು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಲಾಯಿತು. ಸಿಂಗಳೀಕ ಎತ್ತರದ ಮರಗಳಲ್ಲೇ ಇರುವ ಪ್ರಾಣಿ, ರಸ್ತೆಯಂಚಿನಲ್ಲಿ ಕೈ ಚಾಚುವುದು ಬೇರೆ ಮಂಗ. ಯಾವುದಕ್ಕೂ ತಿನ್ನಲು ಕೊಡಬೇಡ. ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆಯ ಕಾಟವಿದೆ, ಅದನ್ನು ಹರಡುವುದು ಕಾಡಿನ ಉಣುಗು (ರಕ್ತ ಹೀರುವ ಉಣ್ಣೆ), ಹಾವಳಿ ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಹಾಗಾಗಿ ದಣಿವಾಯಿತೆಂದು ತರಗೆಲೆಯ ಮೇಲೆ ಕೂರುವುದು, ಸೈಕಲ್ ಒರಗಿಸಿ ಕಾಡೊಳಗೆ ಹೋಗುವುದು ಖಂಡಿತ ಕೂಡದು. ಕಾಲಿಗೆ ಉಣುಗು ತಡೆಯುವ ಡೇಪಾ ತೈಲ ಹಚ್ಚಿಕೋ, ಸಂಜೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ತೊಳೆ. ವಾರ ಹತ್ತು ದಿನದೊಳಗೆ ಜ್ವರ ಬಂದರೆ ಈ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಯಾಣ, ಉಂಚಳ್ಳಿ ಜಲಪಾತ, ಜೋಗ ಮೂರೂ ಈ ಸುತ್ತಿನ ಆಚೀಚೆಯೇ ಇವೆ. ಮೂರನ್ನೂ ಈ ಸಲ ಬಿಟ್ಟುಬಿಡು, ಬಸ್ಸಿನಲ್ಲಿ ಹೋಗಿ ಬಂದರಾಯಿತು. ಕುಮಟೆಯಲ್ಲಿ ರಾತ್ರಿ ಮಲಗುವ ಮುನ್ನ ಸೈಕಲನ್ನು ಸಿಹಿನೀರಿನಲ್ಲಿ ತೊಳೆದು ಚೈನಿಗೆ ಎಣ್ಣೆ ಬಿಡು, ಉಪ್ಪುಗಾಳಿಗೆ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ದಿನ ಗೊತ್ತಾದ ಕೂಡಲೇ ಬರೆ; ನಿನ್ನ ಅಮ್ಮನಿಗೆ ನಾನು ಹೇಳುತ್ತೇನೆ.

ನಿನ್ನ ಸೋದರಮಾವ