ಓಟಗಾರ ಸತ್ತ ಸುದ್ದಿ ಜೊತೆಗೆ ಕಾರಣವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ದೂರದ ಓಟದಲ್ಲಿ ಯಾರಾದರೂ ಕುಸಿದುಬಿದ್ದು ತೀರಿಕೊಂಡರೆ ಮರುದಿನ ಪೇಪರಿನಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಹೆಸರು, ವಯಸ್ಸು, ಎಷ್ಟನೇ ಕಿಲೋಮೀಟರ್, ಕೊನೆಗೆ ‘ಹೃದಯಾಘಾತ ಎಂದು ಶಂಕಿಸಲಾಗಿದೆ’. ಅಲ್ಲಿಗೆ ಮುಗಿಯಿತು. ಪೋಸ್ಟ್‌ಮಾರ್ಟಂ ವರದಿ ಬರುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ, ಅದನ್ನು ಯಾರೂ ಕೇಳುವುದೂ ಇಲ್ಲ, ಹಾಕುವುದೂ ಇಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ನಾನು ಅಲ್ಟ್ರಾ ಓಟಗಳಲ್ಲಿ, ಅಂದರೆ ಮ್ಯಾರಥಾನಿನ 42 ಕಿಲೋಮೀಟರ್ ದಾಟಿ 50, 100, 160 ಅಂತ ಓಡುವ ಕಡೆ, ಏಡ್ ಸ್ಟೇಷನ್‌ನಲ್ಲಿ ನೀರು ಕೊಡಲು ನಿಲ್ಲುತ್ತೇನೆ. ನಾನೂ ಓಡುವವನೇ. ಇಂಥ ಸುದ್ದಿ ಬಂದ ದಿನ ಎರಡೇ ಮಾತು ಕೇಳಿಸುತ್ತವೆ. ಓಡದವರು ‘ಇಷ್ಟೆಲ್ಲ ಯಾಕೆ ಬೇಕಿತ್ತು ಇವರಿಗೆ’ ಅನ್ನುತ್ತಾರೆ. ಓಡುವವರು ‘ಆಯಸ್ಸು ಮುಗಿದಿತ್ತು, ಮನೇಲಿ ಕೂತಿದ್ರೂ ಹೋಗ್ತಿದ್ರು’ ಅನ್ನುತ್ತಾರೆ. ಎರಡೂ ಕಡೆಯವರಿಗೆ ಕಾರಣ ಬೇಕಿಲ್ಲ.

ಹೃದಯದ ವಿಷಯವನ್ನೇ ಮೊದಲು ನೋಡೋಣ. ಅಮೆರಿಕದಲ್ಲಿ 2010ರಿಂದ 2023ರವರೆಗೆ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್ ಮುಗಿಸಿದವರು ಸುಮಾರು 2.9 ಕೋಟಿ. ಅಷ್ಟರಲ್ಲಿ ಹೃದಯ ನಿಂತದ್ದು 176 ಮಂದಿಗೆ, ಸತ್ತವರು 59. ಅದಕ್ಕೂ ಹಿಂದಿನ ದಶಕಕ್ಕೆ ಹೋಲಿಸಿದರೆ ಹೃದಯ ನಿಲ್ಲುವ ಪ್ರಮಾಣ ಹಾಗೇ ಇದೆ, ಸಾವಿನ ಪ್ರಮಾಣ ಮಾತ್ರ ಅರ್ಧದಷ್ಟಾಗಿದೆ. ಓಟಗಾರರ ಹೃದಯ ಗಟ್ಟಿಯಾಯಿತು ಅಂತಲ್ಲ. ಬಿದ್ದವರ ಎದೆಯನ್ನು ಪಕ್ಕದಲ್ಲಿದ್ದವರು ತಕ್ಷಣ ಒತ್ತತೊಡಗಿದರು, ಶಾಕ್ ಕೊಡುವ ಎಇಡಿ ಯಂತ್ರ ಬೇಗ ಬಂತು, ಅಷ್ಟೇ. ಆದರೆ ಇದು ಊರಿನ ರಸ್ತೆಯ ಲೆಕ್ಕ, ಎರಡೂ ಬದಿ ಜನ ನಿಂತಿರುವ ಕಡೆಯದು. ರಾತ್ರಿ ಮೂರು ಗಂಟೆಗೆ ಗುಡ್ಡದ ಮೇಲೆ, ಹಿಂದೆ ಮುಂದೆ ಇನ್ನೊಬ್ಬ ಓಟಗಾರನ ಹಣೆಯ ದೀಪವೂ ಕಾಣದ ಜಾಗದಲ್ಲಿ ಬಿದ್ದವನಿಗೆ ಈ ಸಮಾಧಾನ ಹೇಳಲು ಆಗುತ್ತದಾ? ಅಲ್ಟ್ರಾ ಆಯೋಜಕರು ಮ್ಯಾರಥಾನಿನ ಅಂಕಿಅಂಶ ತೋರಿಸಿ ‘ಅಪಾಯ ತೀರಾ ಕಡಿಮೆ’ ಅಂದಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ಹೃದಯದಲ್ಲೂ ಎಲ್ಲರದ್ದೂ ಒಂದೇ ಕಥೆಯಲ್ಲ. 35 ದಾಟಿದವರಲ್ಲಿ ಸಾಮಾನ್ಯವಾಗಿ ರಕ್ತನಾಳ ಕಟ್ಟಿರುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಹುಟ್ಟಿನಿಂದ ಬಂದ ದೋಷ ಅಥವಾ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಜಾಸ್ತಿ. ಅಮೆರಿಕದಲ್ಲಿ ಓಟದ ಹುಚ್ಚು ಹಬ್ಬಿಸಿದ ಜಿಮ್ ಫಿಕ್ಸ್ 1984ರಲ್ಲಿ ಓಡಲು ಹೋದಾಗಲೇ ಸತ್ತರು, 52 ವಯಸ್ಸು. ನೋಡಿದರೆ ರಕ್ತನಾಳಗಳು ಕಟ್ಟಿಕೊಂಡಿದ್ದವು. ಅವರ ತಂದೆ ಹೃದಯಾಘಾತದಿಂದ 43ಕ್ಕೇ ಹೋಗಿದ್ದರು. ನೂರಾರು ಮೈಲಿ ಓಡಿ ಹೆಸರು ಮಾಡಿದ್ದ ಮೈಕಾ ಟ್ರೂ 2012ರಲ್ಲಿ ನ್ಯೂ ಮೆಕ್ಸಿಕೊದ ಕಾಡಿನಲ್ಲಿ ಹೆಣವಾಗಿ ಸಿಕ್ಕರು, ಅವತ್ತು ಹೊರಟದ್ದು ಅವರ ಲೆಕ್ಕಕ್ಕೆ ಸಣ್ಣ ಓಟಕ್ಕೆ. ಅವರದ್ದು ಹೃದಯದ ಸ್ನಾಯುವಿನ ಕಾಯಿಲೆ ಅಂತ ಗೊತ್ತಾದದ್ದು ಪೋಸ್ಟ್‌ಮಾರ್ಟಂ ವರದಿ ಹೊರಬಂದ ಮೇಲೆ. ವರದಿ ಬಂತು, ಪತ್ರಿಕೆಗಳು ಹಾಕಿದವು, ಓಡುವವರಿಗೆ ವಿಷಯ ತಿಳಿಯಿತು.

ಇನ್ನು ಹೃದಯಕ್ಕೆ ಸಂಬಂಧವೇ ಇಲ್ಲದ ಸಾವುಗಳಿವೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ಓಟಕ್ಕೆ 172 ಜನ ಹೊರಟರು. 21 ಜನ ಸತ್ತರು, ಚಳಿಗೆ. ಬೆಟ್ಟ ಹತ್ತುತ್ತಿದ್ದಾಗ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಶುರುವಾಯಿತು. ಬಹಳ ಮಂದಿ ಚಡ್ಡಿ ಬನಿಯನ್ನಿನಲ್ಲಿದ್ದರು, ಬೆಚ್ಚಗಿನ ಜಾಕೆಟ್ ಕಡ್ಡಾಯವಾಗಿರಲಿಲ್ಲ. ಸಾವು ಹೆಚ್ಚಾಗಿ ಆದದ್ದು ಎರಡನೇ ಮತ್ತು ಮೂರನೇ ಚೆಕ್‌ಪಾಯಿಂಟ್ ನಡುವೆ, ವಾಹನ ಹೋಗದ ಕಡಿದಾದ ಏರಿನಲ್ಲಿ. ಸತ್ತವರಲ್ಲಿ ಲಿಯಾಂಗ್ ಜಿಂಗ್ ಕೂಡ ಇದ್ದರು, ಚೀನಾದ ಹೆಸರಾಂತ ಅಲ್ಟ್ರಾ ಓಟಗಾರ. ಅಂಥವರಿಗೇ ಮೈ ಬಿಸಿ ಉಳಿಸಿಕೊಳ್ಳಲು ಆಗಲಿಲ್ಲ ಅಂದರೆ ‘ತಯಾರಿ ಸಾಲದು’ ಅನ್ನುವ ಮಾತಿಗೆ ಅರ್ಥವಿದೆಯಾ? ಗಾಳಿಯ ಮುನ್ನೆಚ್ಚರಿಕೆ ಬಂದಿದ್ದರೂ ಆಯೋಜಕರು ಕ್ರಮ ಕೈಗೊಳ್ಳಲಿಲ್ಲ ಅಂತ ತನಿಖೆ ಹೇಳಿತು. ಆರು ಜನರನ್ನು ಉಳಿಸಿದ್ದು ಕುರಿ ಕಾಯುವ ಝು ಕೆಮಿಂಗ್, ತಾನು ಆಶ್ರಯ ಪಡೆದಿದ್ದ ಗುಹೆಯೊಳಗೆ ಕರೆದುಕೊಂಡು ಹೋಗಿ.

ಮತ್ತೊಂದು ಸಾವು ಇದೆ, ನೀರು ಕೊಡುವ ನನ್ನಂಥವರ ಕೈಯಿಂದಲೇ ಆಗಬಹುದಾದದ್ದು. 60-70 ಕಿಲೋಮೀಟರ್ ಆದ ಮೇಲೆ ಒಬ್ಬರು ಬರುತ್ತಾರೆ. ಬೆರಳು ಊದಿ ಉಂಗುರ ಅಲ್ಲಾಡುವುದಿಲ್ಲ, ವಾಚಿನ ಪಟ್ಟಿ ಚರ್ಮಕ್ಕೆ ಒತ್ತಿರುತ್ತದೆ. ತಲೆ ಸಿಡಿಯುತ್ತಿದೆ ಅನ್ನುತ್ತಾರೆ, ಕುಡಿದ ನೀರನ್ನು ಹಾಗೇ ವಾಂತಿ ಮಾಡುತ್ತಾರೆ, ಮಾತು ತೊದಲುತ್ತದೆ. ಸುತ್ತ ನಿಂತವರೆಲ್ಲ ‘ಡಿಹೈಡ್ರೇಷನ್, ಇನ್ನೂ ನೀರು ಕುಡಿಸಿ’ ಅನ್ನುತ್ತಾರೆ. ಅದೇ ತಪ್ಪು. ಅವರು ಕುಡಿದದ್ದೇ ಜಾಸ್ತಿಯಾಗಿದೆ. ಗಂಟೆಗಟ್ಟಲೆ ಓಡುವಾಗ ದೇಹ ಮೂತ್ರ ಕಟ್ಟಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ತೆಳುವಾಗುತ್ತದೆ, ಮಿದುಳು ಊದಿಕೊಳ್ಳುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಜನರ ರಕ್ತ ನೋಡಿದಾಗ 13% ಮಂದಿಗೆ ಸೋಡಿಯಂ ಕಡಿಮೆಯಿತ್ತು. ಅದೇ ಓಟದಲ್ಲಿ 28 ವರ್ಷದ ಹೆಣ್ಣುಮಗಳೊಬ್ಬಳು ಇದರಿಂದಲೇ ತೀರಿಕೊಂಡಳು. ಉಪ್ಪಿನ ಮಾತ್ರೆ ನುಂಗಿದರೂ ಅತಿಯಾಗಿ ಕುಡಿದರೆ ಉಪಯೋಗವಿಲ್ಲ. ಬಾಯಾರಿದಾಗ ಕುಡಿದರೆ ಸಾಕು. ಇನ್ನು ಕೆಲವು ಚಿಕಿತ್ಸೆಯ ಟೆಂಟುಗಳಲ್ಲಿ ಬಿದ್ದವರಿಗೆಲ್ಲ ಸುಮ್ನೆ ಡ್ರಿಪ್ ಏರಿಸುತ್ತಾರಲ್ಲ, ಇಂಥವರಿಗೆ ಅದು ಇನ್ನಷ್ಟು ಕೆಡುಕು ಮಾಡಬಹುದು. ಇವರಿಗೆ ಬೇಕಾದದ್ದು ಗಾಢ ಉಪ್ಪಿನ ದ್ರಾವಣ, ಅದೂ ವೈದ್ಯರ ಕೈಯಿಂದ.

ತೊದಲುವುದು ಬಿಸಿಲ ಹೊಡೆತದಲ್ಲೂ ಇರುತ್ತದೆ. ಅಲ್ಲಿ ಚಿಕಿತ್ಸೆ ಬೇರೆಯೇ. ಮೈಯೊಳಗಿನ ತಾಪ 40 ಡಿಗ್ರಿ ದಾಟಿದ್ದರೆ ಆಂಬುಲೆನ್ಸಿಗೆ ಹತ್ತಿಸುವ ಮೊದಲೇ ಮಂಜುಗಡ್ಡೆ ನೀರಿನ ತೊಟ್ಟಿಯಲ್ಲಿ ಕೂರಿಸಬೇಕು, ಅರ್ಧ ಗಂಟೆಯೊಳಗೆ ತಣಿಸಿದರೆ ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ. ಹಣೆಗೆ ಹಿಡಿಯುವ ಥರ್ಮಾಮೀಟರ್ ಇಲ್ಲಿ ನಂಬುವಂಥದ್ದಲ್ಲ, ಗುದದಲ್ಲಿಟ್ಟೇ ನೋಡಬೇಕು. ಹೇಳಲು ಮುಜುಗರ, ಆದರೆ ವಿಷಯ ಅದೇ.

ನೋವಿನ ಮಾತ್ರೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಐಬುಪ್ರೊಫೆನ್ ಅನ್ನು ಎಷ್ಟೋ ಜನ ಸೊಂಟದ ಚೀಲದಲ್ಲಿಟ್ಟುಕೊಂಡು ನುಂಗುತ್ತಾ ಓಡುತ್ತಾರೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 80 ಕಿಲೋಮೀಟರ್ ಓಡಿದ 89 ಜನರಲ್ಲಿ ಕೆಲವರಿಗೆ ಈ ಮಾತ್ರೆ, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆ ಕೊಟ್ಟರು. ಕಿಡ್ನಿಗೆ ಪೆಟ್ಟಾದದ್ದು ಮೊದಲನೆಯವರಲ್ಲಿ 52%, ಎರಡನೆಯವರಲ್ಲಿ 34%. ಸಣ್ಣ ಅಧ್ಯಯನ, ನಿಜ. ಆದರೂ ಸ್ನಾಯು ಒಡೆದು ಮೂತ್ರ ಕೋಲಾ ಬಣ್ಣಕ್ಕೆ ತಿರುಗುವಂಥ ಓಟದಲ್ಲಿ ಕಿಡ್ನಿಗೆ ಇನ್ನೊಂದು ಭಾರ ಯಾಕೆ?

ಇವೆಲ್ಲದಕ್ಕೂ ಉಪಾಯ ಬೇರೆ ಬೇರೆ ಅಲ್ವಾ? ಜಾಕೆಟ್ ಕಡ್ಡಾಯ ಮಾಡಿದರೆ ರಕ್ತನಾಳ ಕಟ್ಟಿದವನು ಉಳಿಯುವುದಿಲ್ಲ, ಇಸಿಜಿ ಮಾಡಿಸಿದರೆ ನೀರು ಜಾಸ್ತಿ ಕುಡಿದವಳು ಉಳಿಯುವುದಿಲ್ಲ. ಎಲ್ಲವನ್ನೂ ಹೃದಯದ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಂಡರೆ ಆಯೋಜಕರಿಗೆ ಹಾಯಿ. ಮುಂದಿನ ವರ್ಷ ಅದೇ ದಾರಿ, ಅದೇ ಟೆಂಟು, ಹೆಚ್ಚೆಂದರೆ ಫಾರ್ಮಿನಲ್ಲಿ ‘ನನ್ನ ಪ್ರಾಣಕ್ಕೆ ನಾನೇ ಹೊಣೆ’ ಅನ್ನುವ ಸಾಲಿನ ಅಕ್ಷರ ಇನ್ನಷ್ಟು ದಪ್ಪ.

ಹಾಗಾಗಿ ನಿಮ್ಮ ವರದಿಗಾರರಿಗೆ ನನ್ನ ಕೋರಿಕೆ ಇಷ್ಟು. ಇಂಥ ಸಾವಾದಾಗ ಆಯೋಜಕರನ್ನು ಕೇಳಿ: ಬಿದ್ದ ಜಾಗದಿಂದ ಎಇಡಿ ಎಷ್ಟು ದೂರ ಇತ್ತು, ಯಾರಾದರೂ ತಲುಪಲು ಎಷ್ಟು ಹೊತ್ತು ಹಿಡಿಯಿತು, ಮಂಜುಗಡ್ಡೆ ತೊಟ್ಟಿ ಇತ್ತಾ, ಸೋಡಿಯಂ ನೋಡುವ ಯಂತ್ರ ಇತ್ತಾ, ಓಟಗಾರ ‘ನಾನು ಹೋಗ್ತೀನಿ’ ಅಂತ ಹಟ ಹಿಡಿದರೂ ಬಿಬ್ (ಎದೆಗೆ ಸಿಕ್ಕಿಸುವ ನಂಬರ್ ಚೀಟಿ) ಕಿತ್ತುಕೊಂಡು ಕೂರಿಸುವ ಅಧಿಕಾರ ಡಾಕ್ಟರಿಗೆ ಇತ್ತಾ. ಪೋಸ್ಟ್‌ಮಾರ್ಟಂ ವರದಿ ಬಂದಾಗ ಮನೆಯವರು ಒಪ್ಪಿದರೆ ಹೆಸರಿಲ್ಲದೆಯಾದರೂ ಕಾರಣವನ್ನು ಎರಡು ಸಾಲು ಹಾಕಿ. ಆಯೋಜಕರು ಉತ್ತರ ಕೊಡದಿದ್ದರೆ, ಕೊಡಲಿಲ್ಲ ಅಂತಲೇ ಹಾಕಿ.

ಇಂತಿ,
ನಿಮ್ಮ ಓದುಗ