ಮೊದಲು ನೀರು ಕೊಡು, ಆಮೇಲೆ ಮಾತು

ಅಕ್ರೊಪಾಂಗ್, ಘಾನಾ
ಜನವರಿ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಿನಗೂ ಅಳಿಯನಿಗೂ ಇದೇ ಘಾನಾದ ಅಗೊಗೊ ಊರಿನ ಆಸ್ಪತ್ರೆಯಲ್ಲಿ ಎರಡು ವರ್ಷ ಸೇವೆ ಮಾಡಲು ಕರೆ ಬಂತು ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದ ರಾತ್ರಿ ದೊಡ್ಡಪ್ಪ ಊಟದ ನಡುವೆಯೇ ಕೈ ತೊಳೆದು ಬಂದು ಪ್ರಾರ್ಥನೆಗೆ ಕೂತರು. ನೀನು ಕೇಳಿದ್ದೆಯಲ್ಲ, "ದಿನವಿಡೀ ಅಲ್ಲಿ ಏನು ಮಾಡ್ತೀರಿ ದೊಡ್ಡಮ್ಮಾ?" ಎಂದು. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಈಗ ಬರೆಯುತ್ತೇನೆ.

ಬೆಳಿಗ್ಗೆ ಐದಕ್ಕೆ ಎಚ್ಚರವಾಗುವುದು ಹಿಡಿಸೂಡಿಯ ಸದ್ದಿಗೆ. ಈ ಬೆಟ್ಟಸಾಲಿನ ಊರಿನಲ್ಲಿ ಬೆಳಕು ಹರಿಯುವ ಮೊದಲೇ ಮನೆಮನೆಯ ಅಂಗಳ ಗುಡಿಸುತ್ತಾರೆ. ತಾಳೆ ಗರಿಯ ಕಡ್ಡಿಯ ಹಿಡಿಸೂಡಿ, ಮಣ್ಣಿನ ಮೇಲೆ ಸರ್, ಸರ್ ಎಂದು ಎಳೆಯುವ ಸದ್ದು. ಕಣ್ಣು ಮುಚ್ಚಿಕೊಂಡಿದ್ದರೆ ನಮ್ಮ ಅಜ್ಜಿಮನೆಯೇ ಎಂದು ಅನಿಸುತ್ತದೆ. ನಾನೂ ಎದ್ದು ಗುಡಿಸುತ್ತೇನೆ. ಮೊದಲ ತಿಂಗಳು ಪಕ್ಕದ ಮನೆಯ ಹುಡುಗಿಯರು ಓಡಿ ಬಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದರು, ವಯಸ್ಸಾದವರು ಗುಡಿಸಬಾರದಂತೆ. ಈಗ ಅರ್ಧ ಅಂಗಳ ನನಗೆ, ಅರ್ಧ ಅವರಿಗೆ. ನಿಮ್ಮಲ್ಲಿ ಆಗ ಹತ್ತೂವರೆ ಗಂಟೆ. ಮೊಮ್ಮಗನನ್ನು ಫೋನಿನಲ್ಲಿ ನೋಡಿ, ಇಬ್ಬರೂ ಬೈಬಲ್ ಓದಿ, ಗಂಜಿ ಕುಡಿದು, ನಾನು ಶಾಲೆಗೆ, ದೊಡ್ಡಪ್ಪ ಮರಗೆಲಸದ ಶೆಡ್ಡಿಗೆ. ನಾನು ಮಕ್ಕಳಿಗೆ ಓದಿಸುತ್ತೇನೆ, ಪುಸ್ತಕಗಳಿಗೆ ರಟ್ಟು ಹಾಕುತ್ತೇನೆ. ಅವರು ಹುಡುಗರ ಜೊತೆ ಬೆಂಚು, ಕಿಟಕಿ ರಿಪೇರಿ ಮಾಡುತ್ತಾರೆ. ಮಧ್ಯಾಹ್ನ ಕರೆಂಟು ಇದ್ದರೆ ಫ್ಯಾನು, ಇಲ್ಲದಿದ್ದರೆ ಮಾವಿನ ಮರದ ನೆರಳು. ಸಂಜೆಗೆ ಮರಗೆಣಸೂ ಬಾಳೆಕಾಯಿಯೂ ಬೇಯಿಸಿ ಒರಳಿನಲ್ಲಿ ಕುಟ್ಟುವ ಸದ್ದು ಬೀದಿಗೆಲ್ಲ ಕೇಳುತ್ತದೆ, ಅದೇ ಫುಫು. ದೊಡ್ಡಪ್ಪನಿಗೆ ಬಹಳ ಇಷ್ಟ, ಆದರೆ ಸಕ್ಕರೆ ಕಾಯಿಲೆ ಉಂಟಲ್ಲ, ನಾನು ಅರ್ಧ ಉಂಡೆಗೇ ಕೈ ತಡೆಯುತ್ತೇನೆ.

ಇಷ್ಟೇ ಪುಟ್ಟಿ. ಹೆಸರು ಮಿಷನರಿ ಎಂದು, ದಿನ ಮಾತ್ರ ಇಷ್ಟೇ. ನಿನಗೆ ಆಸ್ಪತ್ರೆಯಲ್ಲಿ ಕೈತುಂಬ ಕೆಲಸ ಇರುತ್ತದೆ, ನಿನ್ನ ದಿನ ಬೇರೆ. ಆದರೂ ನಾನು ಹೇಳಬೇಕಾದ ಮಾತು ನಿನಗೇ ಹೆಚ್ಚು ಬೇಕು, ಕೆಲಸ ಇದ್ದವರೇ ಇದನ್ನು ಮರೆಯುವುದು.

ಭಾಷೆ ಕಲಿ. ಮೊದಲ ಆರು ತಿಂಗಳು ಬೇರೇನು ಹಾಳಾದರೂ ಹಾಳಾಗಲಿ, ಇಲ್ಲಿಯವರ ಮಾತು ಟ್ವಿ ಕಲಿ. ಇಲ್ಲಿ ಇಂಗ್ಲಿಷ್ ನಡೆಯುತ್ತದೆ ಎಂದು ನಿನಗೆ ಎಲ್ಲರೂ ಹೇಳುತ್ತಾರೆ. ನಡೆಯುತ್ತದೆ, ಸುಳ್ಳಲ್ಲ. ನನಗೂ ಮೊದಲ ವರ್ಷ ಇಂಗ್ಲಿಷಿನಲ್ಲೇ ನಡೆಯಿತು. ಹಾಗೆ ನಡೆದದ್ದರಿಂದಲೇ ನಾನು ಒಂದು ತಪ್ಪು ಮಾಡಿದೆ, ಇವತ್ತಿಗೂ ಅದು ಎದೆಯೊಳಗೆ ಚುಚ್ಚುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ನಾನಾ ಎಂದು ಕರೆಯುತ್ತೇವೆ, ಅಜ್ಜನಿಗೂ ಅಜ್ಜಿಗೂ ಇಲ್ಲಿ ಅದೇ ಶಬ್ದ. ಒಂದು ಬೆಳಿಗ್ಗೆ ಬೇಗನೆ ಅವರು ನಮ್ಮ ಜಗಲಿಗೆ ಬಂದು ಕೂತರು. ನನಗೆ ಸಂತೋಷವಾಯಿತು. ಚಹಾ ಮಾಡಿದೆ, ಕೇಕ್ ಇಟ್ಟೆ, ಮೊಮ್ಮಗನ ದೀಕ್ಷಾಸ್ನಾನದ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ಅವರು ಎಲ್ಲವನ್ನೂ ನೋಡಿದರು. ಬಟ್ಟೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು. ಎರಡು ಸಲ ಏನೋ ಹೇಳಿದರು, ನಾನು ತಲೆಯಾಡಿಸಿದೆ, ನಕ್ಕೆ. ಅರ್ಧ ಗಂಟೆಯ ನಂತರ ಎದ್ದು ಹೋದರು. ಚಹಾ ಹಾಗೇ ಇತ್ತು. ಸಂಜೆ ಶಾಲೆಯ ಅಡುಗೆಯವಳು ಹೇಳಿದಳು, ನಾನಾನ ತಮ್ಮ ರಾತ್ರಿ ತೀರಿಕೊಂಡಿದ್ದ. ಅದನ್ನು ಹೇಳಲಿಕ್ಕೆ ಬಂದಿದ್ದರು.

ಇಲ್ಲಿ ಒಂದು ಕ್ರಮ ಉಂಟು. ಮನೆಗೆ ಬಂದವರನ್ನು ಕೂರಿಸಬೇಕು, ಕುಡಿಯಲು ನೀರು ಕೊಡಬೇಕು, ಅವರು ಕುಡಿದ ಮೇಲೆ "ಬಂದ ವಿಷಯ ಏನು" ಎಂದು ಮನೆಯವರೇ ಕೇಳಬೇಕು. ಅದಕ್ಕೆ ಅಮನ್ನೆಯೆ ಎನ್ನುತ್ತಾರೆ. ಕೇಳದೆ ಬಂದವರು ಬಾಯಿ ಬಿಡುವುದಿಲ್ಲ. ನಮ್ಮ ಅಜ್ಜಿ ಬೆಲ್ಲ ನೀರು ಕೊಟ್ಟು, ಬಿಸಿಲಿನಲ್ಲಿ ಬಂದವರ ಉಸಿರು ಇಳಿದ ಮೇಲೆ "ಏನು ಸಮಾಚಾರ?" ಎನ್ನುತ್ತಿದ್ದದ್ದು ಇದೇ ಅಲ್ಲವಾ? ಗೊತ್ತಿದ್ದ ಮರ್ಯಾದೆಯನ್ನೇ ಬಿಟ್ಟು, ನಾನು ಕೊಡಲು ಬಂದವಳು ಎಂಬ ಅವಸರದಲ್ಲಿ ಕೇಕ್ ಮುಂದಿಟ್ಟೆ.

ಆ ವಾರವೇ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಪಾಠ ಶುರು ಮಾಡಿದೆ. ಅರುವತ್ತೈದರಲ್ಲಿ ಸುಲಭವಲ್ಲ, ಮಾರಾಯ್ತಿ. 'ಪಾಪಾ' ಎಂಬ ಒಂದೇ ಶಬ್ದ ದನಿ ಏರಿಸಿ ಇಳಿಸಿದ ಹಾಗೆ ಅಪ್ಪ, ಒಳ್ಳೆಯದು, ಬೀಸಣಿಗೆ ಎಂದು ಮೂರು ಅರ್ಥ ಕೊಡುತ್ತದೆ. ಬೆಳಿಗ್ಗೆ "ಮಾಚೆ" ಎಂದು ನಮಸ್ಕಾರ ಹೇಳಿದವರಿಗೆ ಹಿರಿಯ ಹೆಂಗಸಾದರೆ "ಯಾ ಎನಾ", ಹಿರಿಯ ಗಂಡಸಾದರೆ "ಯಾ ಅಜಾ" ಎಂದು ಮರುನುಡಿಯಬೇಕು. ಅಗೊಗೊದಲ್ಲಿ ಮಾತಿನ ಧಾಟಿ ಸ್ವಲ್ಪ ಬೇರೆ, ಮಂಗಳೂರಿನ ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ಇರುವಷ್ಟು. ಇಲ್ಲಿ ಕಲಿತದ್ದು ಅಲ್ಲಿಗೂ ಆಗುತ್ತದೆ.

ನಾವು ಬಾಸೆಲ್ ಮಿಶನ್ನಿನ ಮನೆತನದವರು, ನಿನಗೆ ಇದು ಗೊತ್ತಿರಬೇಕು. 1853ರಲ್ಲಿ ಸ್ವಿಟ್ಜರ್ಲೆಂಡಿನ ಅದೇ ಬಾಸೆಲ್ ನಗರದ ಸೆಮಿನರಿಯಲ್ಲಿ ಓದಿದ ಒಬ್ಬರು ನಮ್ಮ ನಾಡಿಗೆ ಬಂದರು, ಇನ್ನೊಬ್ಬರು ಈ ಅಕ್ರೊಪಾಂಗಿಗೆ ಬಂದರು. ನಮ್ಮಲ್ಲಿಗೆ ಬಂದವರು ಕಿಟೆಲ್, ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಇಲ್ಲಿಗೆ ಬಂದ ಕ್ರಿಸ್ಟಾಲರ್ ಟ್ವಿ ಬೈಬಲ್ಲನ್ನು 1871ರಲ್ಲಿ ಮುಗಿಸಿದರು, ನಿಘಂಟನ್ನು 1881ರಲ್ಲಿ. ನಡುವೆ 1879ರಲ್ಲಿ 3,600 ಗಾದೆಗಳನ್ನು ಸೇರಿಸಿ ಅಚ್ಚು ಹಾಕಿಸಿದರು. ಆ ಮೂರು ಸಾವಿರ ಚಿಲ್ಲರೆ ಗಾದೆಗಳನ್ನು ಹೇಳಿಕೊಟ್ಟವರು ಯಾರು? ಈ ಊರಿನವರೇ. ಬೋಧಿಸಲು ಬಂದವರು ಎಷ್ಟು ದಿನ ಬಾಯಿ ಮುಚ್ಚಿ ಕಿವಿ ತೆರೆದು ಕೂತಿರಬೇಕು, ಯೋಚನೆ ಮಾಡು. ಮೇಷ್ಟ್ರು ನನಗೆ ಹೇಳಿಕೊಟ್ಟ ಮೊದಲ ಗಾದೆ, "ಮಗುವಿಗೆ ದೇವರನ್ನು ಯಾರೂ ತೋರಿಸಿಕೊಡುವುದಿಲ್ಲ" ಎಂಬುದು. ಅದನ್ನು ಹೇಳಿ ನನ್ನ ಮುಖ ನೋಡಿದರು. ನನಗೆ ಕಣ್ಣು ತುಂಬಿತು. ದೇವರು ಇಲ್ಲಿಗೆ ನನಗಿಂತ ಮೊದಲೇ ಬಂದಾಗಿತ್ತು.

ಆರೋಗ್ಯದ ಮಾತು ನರ್ಸಿಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. 1828ರ ಕೊನೆಗೆ ಈ ಕರಾವಳಿಯಲ್ಲಿ ಇಳಿದ ಬಾಸೆಲ್ ಮಿಶನ್ನಿನ ಮೊದಲ ನಾಲ್ವರಲ್ಲಿ ಮೂವರು ಮರುವರ್ಷವೇ ತೀರಿಕೊಂಡರು. ಆಮೇಲೆ ಬಂದ ರೀಸ್ ಎಂಬವರು ಸಾಯುವ ಹಾಗಾದಾಗ ಉಳಿಸಿದ್ದು ಇಲ್ಲಿಯ ನಾಟಿ ವೈದ್ಯ. ಸೊಳ್ಳೆಪರದೆ ಒಂದು ರಾತ್ರಿಯೂ ತಪ್ಪಿಸಬೇಡ. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಹತ್ತು ದಿನ ಮೊದಲಾದರೂ ಹಾಕಿಸಿಕೊಂಡಿರಬೇಕು. ಆ ಕಾರ್ಡು ಜೋಪಾನ, ಊರಿಗೆ ಮರಳುವಾಗಲೂ ಕೇಳುತ್ತಾರೆ. ಈಗ ಸಹಾರಾ ಕಡೆಯಿಂದ ಹರ್ಮಟಾನ್ ಗಾಳಿ ಬೀಸುತ್ತಿದೆ, ಪಾತ್ರೆ ಮೇಲೆಲ್ಲ ಧೂಳು, ತುಟಿ ಒಡೆಯುತ್ತದೆ. ಕ್ರೀಮು ತರಬೇಡ, ಇಲ್ಲಿ ಸಿಗುವ, ಶಿಯಾ ಎಂಬ ಮರದ ಬೀಜದ ಬೆಣ್ಣೆಯೇ ಸಾಕು.

ದುಡ್ಡು ಕೇಳುವವರು ಬರುತ್ತಾರೆ, ಒಬ್ಬಳೇ ತೀರ್ಮಾನ ಮಾಡದೆ ಸಭೆಯ ಹಿರಿಯರನ್ನು ಕೇಳು. ಮಕ್ಕಳ ಫೋಟೋ ತೆಗೆದು ಊರಿಗೆ ಕಳಿಸುವ ಮೊದಲು ಅವರ ಅಮ್ಮನನ್ನು ಕೇಳು.

ಇನ್ನೊಂದು, ಗಂಡಹೆಂಡತಿಯ ವಿಷಯ. ಊರಿನಲ್ಲಿ ದೊಡ್ಡಪ್ಪನಿಗೆ ಕ್ವಾಯರ್ ಇತ್ತು, ಗೆಳೆಯರಿದ್ದರು. ನನಗೆ ನಿನ್ನ ಅಮ್ಮ ಇದ್ದಳು. ಇಲ್ಲಿ ನನಗೆ ಅವರು, ಅವರಿಗೆ ನಾನು. ಮೊದಲ ಮಳೆಗಾಲದಲ್ಲಿ ಒಂದು ಚಮಚಕ್ಕೂ ಜಗಳ ಆಯಿತು. ಆಮೇಲೆ ಸಂಜೆ ಒಂದು ಗಂಟೆ ಅವರು ಒಂದು ದಾರಿ, ನಾನು ಒಂದು ದಾರಿ ನಡೆದು ಬರುವುದು ಎಂದು ಮಾಡಿಕೊಂಡೆವು. ಬಂದ ಮೇಲೆ ಹೇಳಲು ಇಬ್ಬರ ಹತ್ತಿರವೂ ಏನಾದರೂ ಇರುತ್ತದೆ. ನೀವೂ ಹಾಗೆ ಮಾಡಿ.

ನಿನ್ನ ಅಜ್ಜಿ ಹೋದಾಗ ನನಗೆ ಬರಲಾಗಲಿಲ್ಲ, ಮಣ್ಣು ಕೊಡುವುದನ್ನು ಫೋನಿನಲ್ಲಿ ನೋಡಿದೆ. ಫೋನು ಇಟ್ಟು ಹೊರಗೆ ಬಂದರೆ ಜಗಲಿಯಲ್ಲಿ ನಾನಾ ಕೂತಿದ್ದರು, ಕಪ್ಪು ಬಟ್ಟೆ ಸುತ್ತಿಕೊಂಡು. ನಾನು ನೀರು ತಂದೆ. ಅವರು ಒಂದು ಗುಟುಕು ಕುಡಿದರು. ನನಗೆ ಗೊತ್ತಿದ್ದಷ್ಟು ಟ್ವಿಯಲ್ಲಿ, ಬಂದ ವಿಷಯ ಏನು ಎಂದು ಕೇಳಿದೆ. "ನಿನ್ನ ಅಮ್ಮನ ಹೆಸರು ಹೇಳು" ಎಂದರು. ಕತ್ತಲಾಗುವವರೆಗೆ ನನ್ನ ಕೈ ಹಿಡಿದುಕೊಂಡೇ ಇದ್ದರು.

ಹುಣಸೆಹಣ್ಣು, ಕೊತ್ತಂಬರಿ ಬೀಜ, ಕುಚ್ಚಲಕ್ಕಿ ಎರಡೆರಡು ಕಿಲೋ ತಾ. ಇಲ್ಲಿ ಕೆಸುವಿನ ಜಾತಿಯದೇ ಒಂದು ಎಲೆ ಸಿಗುತ್ತದೆ. ಗಿಡ ತಂದವರು 1843ರಲ್ಲಿ ಜಮೈಕಾದಿಂದ ಈ ಊರಿಗೆ ಬಂದ ಕ್ರೈಸ್ತ ಕುಟುಂಬದವರು. ಅದರಲ್ಲಿ ಪತ್ರೊಡೆ ಮಾಡುತ್ತೇನೆ, ನಾನಾನಿಗೂ ಬಹಳ ಇಷ್ಟ.

ಮರೆತಿದ್ದೆ. ಇಲ್ಲಿ ಹುಟ್ಟಿದ ವಾರದ ಮೇಲೆ ಹೆಸರು. ನಾನು ಭಾನುವಾರದವಳು, ಅಕೊಸುವಾ. ದೊಡ್ಡಪ್ಪ ಗುರುವಾರ, ಯಾವ್. ನೀನು ಹುಟ್ಟಿದ್ದು ಶನಿವಾರ, ನನಗೆ ಚೆನ್ನಾಗಿ ನೆನಪುಂಟು, ಹಾಗಾಗಿ ಇಲ್ಲಿ ನೀನು ಅಮಾ. ಅಳಿಯನದು ಯಾವ ವಾರ ಎಂದು ಅವರ ಅಮ್ಮನ ಹತ್ತಿರ ಕೇಳಿ ಬರೆ. ನಾನಾ ದಿನಾ ಕೇಳುತ್ತಿದ್ದಾರೆ.

ನಿನ್ನ,
ದೊಡ್ಡಮ್ಮ