ಆಕಾಶದ ಕಲ್ಲನ್ನು ಮಕ್ಕಳ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

ಈಜಿಪ್ಟಿನ ನೈಋತ್ಯ ಮೂಲೆಯ ನಿರ್ಜನ ಮರುಭೂಮಿಯಲ್ಲಿ ಕಾಮಿಲ್ ಎಂಬ ಉಲ್ಕಾ ಕುಳಿ ಇದೆ. ಅಗಲ ಬರೀ 45 ಮೀಟರ್, ನಮ್ಮ ಕಡೆಯ ಒಂದು ದೊಡ್ಡ ಬಾವಿಯ ನಾಲ್ಕೈದು ಪಟ್ಟು ಅಷ್ಟೆ. 2008ರಲ್ಲಿ ಇಟಲಿಯ ಸಂಶೋಧಕರೊಬ್ಬರು ಅದನ್ನು ಗೂಗಲ್ ಅರ್ಥ್‌ನ ಉಪಗ್ರಹ ಚಿತ್ರದಲ್ಲಿ ಗುರುತಿಸಿದರು. 2010ರಲ್ಲಿ ಇಟಲಿ ಮತ್ತು ಈಜಿಪ್ಟಿನ ವಿಜ್ಞಾನಿಗಳು ಅಲ್ಲಿಗೆ ಹೋದಾಗ, ಶೇ 20ರಷ್ಟು ನಿಕ್ಕಲ್ ಬೆರೆತ ಕಬ್ಬಿಣದ ಸಾವಿರಾರು ತುಣುಕುಗಳು ಸುತ್ತಲೂ ಚೆಲ್ಲಿಕೊಂಡಿದ್ದವು. ಉಲ್ಕೆ ಅಪ್ಪಳಿಸಿದಾಗ ಸಿಡಿದ ಮರಳುಗಲ್ಲಿನ ಚೂರುಗಳು ಸಾವಿರಾರು ವರ್ಷ ಕಳೆದರೂ ಕುಳಿಯಿಂದ ಹೊರಟ ಕಿರಣಗಳಂತೆ ಹಾಗೇ ಉಳಿದಿದ್ದವು. ಅಲ್ಲಿ ಮಳೆಯಿಲ್ಲ, ನೇಗಿಲಿಲ್ಲ.

ಅಷ್ಟೇ ಗಾತ್ರದ ಕುಳಿ ನಮ್ಮ ಎರೆಹೊಲದಲ್ಲಿ ಆಗಿದ್ದರೆ ಮುಂಗಾರಿನ ಹರಿವೂ ಕುಂಟೆಯೂ ಸೇರಿ ಅದನ್ನು ಎಂದೋ ಮುಚ್ಚಿಬಿಡುತ್ತಿದ್ದವು. ನಮಗೆ ಹತ್ತಿರದ ಉಲ್ಕಾ ಕುಳಿಯಾದ ಮಹಾರಾಷ್ಟ್ರದ ಲೋಣಾರ್ ಉಳಿದುಕೊಂಡಿರುವುದು ಅದು ಸುಮಾರು 1.8 ಕಿಲೋಮೀಟರ್ ಅಗಲವಿರುವುದರಿಂದ ಮತ್ತು ಗಟ್ಟಿ ಕರಿಕಲ್ಲಿನಲ್ಲಿ ಆಗಿರುವುದರಿಂದ. ದಖ್ಖನ್ ಟ್ರ್ಯಾಪ್ ಎನ್ನುವ ಆ ಕರಿಕಲ್ಲಿನ ಹಾಸು ಬೀದರ್, ಆಳಂದಗಳವರೆಗೂ ಬಂದಿದೆ ಎಂದು ಹೇಳಿದಾಗ ಮಕ್ಕಳ ಕಣ್ಣು ಅರಳುವುದನ್ನು ಶಿಕ್ಷಕನಾಗಿ ನಾನು ಕಂಡಿದ್ದೇನೆ.

ಅದೇ ಮಕ್ಕಳು ಮರುದಿನ ಕೆಂಗಪ್ಪು ಬಣ್ಣದ, ತೂಕದ ಕಲ್ಲುಗಳನ್ನು ಹೊತ್ತು ತಂದು ಇದು ಆಕಾಶದಿಂದ ಬಿದ್ದದ್ದೇ ಎಂದು ಕೇಳುತ್ತಿದ್ದರು. ಅವು ಹೆಚ್ಚಾಗಿ ನಮ್ಮ ಕಡೆಯ ಜಂಬಿಟ್ಟಿಗೆ ಕಲ್ಲಿನೊಳಗಿನ ಕಬ್ಬಿಣದ ಗಂಟುಗಳು. ಉಲ್ಕಾಶಿಲೆಯನ್ನು ಗುರುತಿಸಲು ಅಯಸ್ಕಾಂತವೊಂದನ್ನೇ ನಂಬುವಂತಿಲ್ಲ, ಕರಿಕಲ್ಲನ್ನೂ ಅದು ತುಸು ಎಳೆಯುತ್ತದೆ. ಹೊಳಪಿಲ್ಲದ ಟೈಲ್ಸ್ ಹಿಂಬದಿಗೆ ಉಜ್ಜಿ ನೋಡಿದರೆ ಜಂಬಿಟ್ಟಿಗೆ ಕೆಂಪು ಇಲ್ಲವೇ ಹಳದಿಗಂದು ಗೆರೆ ಎಳೆಯುತ್ತದೆ. ಹೊಸದಾಗಿ ಬಿದ್ದ ಉಲ್ಕಾಶಿಲೆ ಸಾಮಾನ್ಯವಾಗಿ ಅಂಥ ಗೆರೆ ಬಿಡುವುದಿಲ್ಲ, ಅದರ ಮೈಮೇಲೆ ಸುಟ್ಟು ಕರಗಿದ ತೆಳುವಾದ ಕಪ್ಪು ಪದರವಿರುತ್ತದೆ. ಇಷ್ಟನ್ನು ನಾನು ಬಾಯಿಮಾತಿನಲ್ಲಿ ಹೇಳುತ್ತಿದ್ದೆ. ಪಕ್ಕದಲ್ಲಿಟ್ಟು ತೋರಿಸಲು ನಿಜವಾದ ಉಲ್ಕಾಶಿಲೆ ಒಮ್ಮೆಯೂ ನನ್ನ ಬಳಿ ಇರಲಿಲ್ಲ. ಆ ಕೊರಗು ನಿವೃತ್ತಿಯ ನಂತರವೂ ಹೋಗಿಲ್ಲ.

ದೇಶದ ಉಲ್ಕಾಶಿಲೆಗಳನ್ನು ಜೋಪಾನ ಮಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯದು. ಅದರ ಸಂಗ್ರಹದಿಂದ ಒಂದು ಸಣ್ಣ ತುಣುಕನ್ನು ಎರವಲು ತರಿಸಿ, ಬೀದರಿನ ಜಂಬಿಟ್ಟಿಗೆ, ಆಳಂದದ ಕರಿಕಲ್ಲು, ಶಹಾಬಾದ್ ಕಲ್ಲುಗಳ ಜೊತೆ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದಲ್ಲಿ ಇರಿಸಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ. ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಇಡದೆ, ಮೇಲ್ವಿಚಾರಕರ ಕಣ್ಣೆದುರಿನಲ್ಲಿ ಮಕ್ಕಳು ಎತ್ತಿ ತೂಕ ನೋಡಲು ಬಿಡಬೇಕು.

— ನಿವೃತ್ತ ವಿಜ್ಞಾನ ಶಿಕ್ಷಕ, ಬೀದರ್